ಇಟಲಿಯ ಆಪೋಶನ

ನಮ್ಮ ಹೈದರಾಬಾದಿನಲ್ಲಿ ಮದ್ಯದಂಗಡಿಗೆ ‘ವೈನ್ಸ್’ ಎಂದು ಹೆಸರು. ಅದು ಬಹುವಚನದಲ್ಲೇಕೆ ಇದೆಯೆಂದು ನಾನು ಹಲವು ಸಲ ಯೋಚಿಸಿದ್ದುಂಟು, ಏಕೆಂದರೆ ಒಳಗೆ ಏಕವಚನದಲ್ಲಿಯೂ ವೈನ್ ಇರುವುದಿಲ್ಲ. ಬೀರು ಇರುತ್ತದೆ, ರಮ್ಮು ಇರುತ್ತದೆ, ಕಬ್ಬಿಣದ ಜಾಲರಿಯ ಹಿಂದೆ ಗಿರಾಕಿಗಳ ಮುಖವನ್ನೆಂದೂ ನೋಡದೆ ಬರಿಯ ಕೈಗಳನ್ನು ನೋಡಿ ವ್ಯಾಪಾರ ಮಾಡುವ ಒಬ್ಬ ವಿರಕ್ತ ಇರುತ್ತಾನೆ. ಇದರ ಬಗ್ಗೆ ನನಗೆ ತಕರಾರೇನೂ ಇರಲಿಲ್ಲ. ‘ಉಡುಪಿ’ ಎಂಬ ಫಲಕದ ಕೆಳಗೆ ಕುಳಿತು ನೂಡಲ್ಸ್ ತಿಂದವನಿಗೆ ಫಲಕಕ್ಕೂ ಪದಾರ್ಥಕ್ಕೂ ಸಂಬಂಧವಿರಲೇಬೇಕೆಂಬ ಹಟ ಇರಕೂಡದು. ಆದರೆ ಹೋದ ಬೇಸಿಗೆಯ ಕೊನೆಯಲ್ಲಿ, ರೈಲ್ವೆಯ ಉಗ್ರಾಣ ವಿಭಾಗದಲ್ಲಿ ಜೀವಮಾನವಿಡೀ ನಟ್ಟು ಬೋಲ್ಟುಗಳ ಪಾಲನೆ ಮಾಡಿ ನಿವೃತ್ತನಾದ ನಾನು, ಮಲ್ಕಾಜ್‌ಗಿರಿಯ ಅಂಥದೊಂದು ಅಂಗಡಿಯ ಮುಂದೆ, ಗುರುತಿನವರು ನೋಡದಿರಲೆಂದು ಹೆಲ್ಮೆಟ್ಟನ್ನು ತೆಗೆಯದೆಯೇ ನಿಂತು, ಇಟಲಿಯ ನೊರೆಯುಕ್ಕುವ ದ್ರಾಕ್ಷಾರಸ ಇದೆಯೇ ಎಂದು ಕೇಳಬೇಕಾಗಿ ಬಂತು. ಜಾಲರಿಯ ಹಿಂದಿನ ವಿರಕ್ತ ಮೊದಲ ಬಾರಿಗೆ ತಲೆಯೆತ್ತಿ ನನ್ನ ಮುಖದ ಕಡೆ ನೋಡಿದ. ನೊರೆಯೇ ಬೇಕಿದ್ದರೆ ಬೀರು ಒಯ್ಯಿರಿ ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದ. ನನ್ನ ಹಿಂದಿನ ಸಾಲಿನವರು ನಕ್ಕರು. ನಾನು ಅಲ್ಲಿಗೆ ಹೋದದ್ದು ನನ್ನ ಅಕ್ಕನ ಸಲುವಾಗಿ ಎಂದು ಹೇಳಿದ್ದರೆ ಇನ್ನೂ ಹೆಚ್ಚು ನಗುತ್ತಿದ್ದರು.

ಅಕ್ಕನ ಹೆಸರು ಇಂದಿರಾ, ಕರೆಯುವುದು ಇಂದಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ಈ ಊರಿನ ಒಂದು ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆಕೆಯ ಹಳೆಯ ವಿದ್ಯಾರ್ಥಿಗಳು, ಈಗ ಅವರೇ ಅಜ್ಜಂದಿರಾಗುವ ವಯಸ್ಸಿನಲ್ಲಿದ್ದರೂ, ತರಕಾರಿ ಸಂತೆಯಲ್ಲಿ ಆಕೆಯನ್ನು ಕಂಡರೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ನಾನೂ ಮಾಡಿಕೊಳ್ಳುತ್ತೇನೆ. ಹೋದ ಮೇ ತಿಂಗಳಲ್ಲಿ ಈ ಇಂದಕ್ಕ ನಿವೃತ್ತ ಶಿಕ್ಷಕಿಯರ ಗುಂಪಿನೊಂದಿಗೆ ಯುರೋಪಿಗೆ ಹೋದಳು. ಅಡುಗೆಯವನನ್ನೂ ಅವಲಕ್ಕಿಯನ್ನೂ ಇಲ್ಲಿಂದಲೇ ಕರೆದೊಯ್ಯುವ ಪ್ರವಾಸ ಅದು. ಹೀಗೆ ಉಪ್ಪಿಟ್ಟಿನ ಬಲದಿಂದ ಒಂದು ಖಂಡವನ್ನು ಜಯಿಸಿಕೊಂಡು ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಬಂದಿಳಿದವಳ ಕೈಯಲ್ಲಿ ಸಕಲರಿಗೂ ಚಾಕಲೇಟು ಇತ್ತು. ಬಾಯಲ್ಲಿ ಮಾತ್ರ ಒಂದೇ ಊರು, ವೆನಿಸ್.

ಅಲ್ಲಿ ಒಂದು ಸಂಜೆ ಗೈಡು ದೋಣಿಯ ಚೀಟಿ ತರುವುದಾಗಿ ಹೇಳಿ ಹೋದವನು ಬೇಗ ಬರಲಿಲ್ಲವಂತೆ. ಬಿಸಿಲು ಜೋರಾಗಿತ್ತು. ಕಾಲುವೆಯ ದಂಡೆಯ ಹೋಟೆಲಿನಲ್ಲಿ ಕುಳಿತ ಅಕ್ಕ, ಪಕ್ಕದ ಮೇಜಿನಲ್ಲಿ ತನ್ನದೇ ವಯಸ್ಸಿನ ಒಬ್ಬ ಇಟಲಿಯ ಹೆಂಗಸು ಕಿತ್ತಳೆ ಬಣ್ಣದ್ದೇನನ್ನೋ ಪರಮ ನೆಮ್ಮದಿಯಿಂದ ಹೀರುತ್ತಿದ್ದುದನ್ನು ಕಂಡು, ಮಾಣಿಗೆ ಬೆರಳು ಮಾಡಿ ತೋರಿಸಿ ತಾನೂ ಅದನ್ನೇ ತರಿಸಿಕೊಂಡಳು. ಕುಡಿದಳು. ಇನ್ನೊಂದು ತರಿಸಿಕೊಂಡಳು. ಆಮೇಲೆ ದೋಣಿ ಹತ್ತಿದಾಗ, ಭಜನೆಯಲ್ಲೂ ತುಟಿಯಷ್ಟೇ ಆಡಿಸುವ ನಮ್ಮಕ್ಕ, ಸೇತುವೆಗಳ ಮೇಲಿನವರೆಲ್ಲ ಬಗ್ಗಿ ನೋಡುವಂತೆ ಗಂಟಲು ಬಿಟ್ಟು ದೇವರನಾಮ ಹಾಡಿದಳು ಎಂದು ಆಕೆಯ ಸಹಪ್ರಯಾಣಿಕರು ನನಗೆ ಫೋನಿನಲ್ಲಿ ವರದಿ ಮಾಡಿದರು. ಅಕ್ಕ ಅದನ್ನು ಸಮುದ್ರದ ಗಾಳಿಯ ಪ್ರಭಾವವೆಂದು ವಿವರಿಸಿದಳು.

ಅದರ ಫೋಟೋ ಒಂದು ಬಂತು. ಇಳಕಲ್ ಸೀರೆ, ಅದರ ಮೇಲೆ ಸ್ವೆಟರು, ಕಾಲಿಗೆ ಬಿಳಿಯ ಬೂಟು, ಕೈಯಲ್ಲಿ ಹೊಟ್ಟೆ ಉಬ್ಬಿದ ದೊಡ್ಡ ಗಾಜಿನ ಬಟ್ಟಲು, ಅದರಲ್ಲಿ ಸಂಧ್ಯಾಕಾಲದ ಬಣ್ಣದ ದ್ರವ. ಇವೆಲ್ಲವನ್ನೂ ಸಹಿಸಬಹುದಿತ್ತು. ಆದರೆ ಅಕ್ಕ ನಗುತ್ತಿದ್ದಳು. ಹಲ್ಲು ಕಾಣುವಂತೆ, ಕಣ್ಣು ಮುಚ್ಚಿಹೋಗುವಂತೆ. ಆ ನಗುವನ್ನು ನಾನು ಕೊನೆಯ ಸಲ ನೋಡಿದ್ದು ಆಕೆಯ ಮದುವೆಗೆ ಮುಂಚೆ, ನಾನಿನ್ನೂ ಚಡ್ಡಿ ಹಾಕುತ್ತಿದ್ದಾಗ.

ಬಂದ ವಾರದಲ್ಲೇ ಅಪ್ಪಣೆಯಾಯಿತು. “ಶೀನ್ಯಾ, ಆ ಸಂತ್ರಾ ಶರಬತ್ತು ಮನ್ಯಾಗ ಮಾಡ್ಲಿಕ್ಕೆ ಬರ್ತದೇನು ನೋಡು. ಸ್ವಲ್ಪ ಕಹಿ ಇತ್ತು. ಆದ್ರ ಛಲೋ ಕಹಿ.”

ನಾನು ಫೋಟೋವನ್ನು ಹಿಗ್ಗಿಸಿ, ಇಂಟರ್ನೆಟ್ಟಿನಲ್ಲಿ ಹುಡುಕಿ, ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅದರ ಹೆಸರು ಸ್ಪ್ರಿಟ್ಜ್. ಶರಬತ್ತಿಗೂ ಅದಕ್ಕೂ ಇದ್ದ ಸಂಬಂಧ ಬಣ್ಣದ್ದಷ್ಟೇ. ಪ್ರೊಸೆಕ್ಕೊ ಎಂಬ ಗುಳ್ಳೆಯೇಳುವ ದ್ರಾಕ್ಷಾಮದ್ಯ ಮೂರು ಪಾಲು, ಕಿತ್ತಳೆ ಸಿಪ್ಪೆಯನ್ನೂ ಕಹಿಬೇರುಗಳನ್ನೂ ನೆನೆಹಾಕಿ ತೆಗೆದ ಕೆಂಪು ಮದ್ಯ ಎರಡು ಪಾಲು, ಸೋಡಾ ಒಂದು ಪಾಲು. ಬಟ್ಟಲಿನ ತುಂಬ ಮಂಜುಗಡ್ಡೆ, ಮೇಲೊಂದು ಕಿತ್ತಳೆಯ ಬಿಲ್ಲೆ. ಇಟಲಿಯವರು ಇದನ್ನು ಊಟಕ್ಕೆ ಮುಂಚೆ, ಹಸಿವು ಕೆರಳಲೆಂದು ಸೇವಿಸುತ್ತಾರಂತೆ. ನಮ್ಮಲ್ಲಿ ಊಟಕ್ಕೆ ಮುಂಚೆ ಅಂಗೈಯಲ್ಲಿ ಒಂದು ಉದ್ಧರಣೆ ನೀರು ಹಾಕಿಕೊಂಡು ಆಪೋಶನ ತೆಗೆದುಕೊಳ್ಳುತ್ತೇವೆ. ಅವರದೂ ಆಪೋಶನವೇ, ಅಂಗೈ ಮಾತ್ರ ಕೊಂಚ ಆಳ. ಧರ್ಮಶಾಸ್ತ್ರದ ದೃಷ್ಟಿಯಿಂದ ಇಷ್ಟು ಸಮಾಧಾನ ಹುಡುಕಿಕೊಂಡೆನಾದರೂ ಅಕ್ಕನಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ.

ಕಾರಣವಿತ್ತು. ನಮ್ಮ ಕಲಬುರಗಿ ಕಡೆ ಮದ್ಯಕ್ಕೆ ಸೆರೆ ಎನ್ನುತ್ತಾರೆ. ಬಂಧನಕ್ಕೂ ಕನ್ನಡದಲ್ಲಿ ಅದೇ ಶಬ್ದ. ಅಕ್ಕನ ದಾಂಪತ್ಯದಲ್ಲಿ ಎರಡು ಅರ್ಥಗಳೂ ಒಟ್ಟಿಗೆ ಸಂಸಾರ ಮಾಡಿದವು. ಭಾವ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರು, ನಾಲ್ಕು ಜನರಲ್ಲಿ ಕುಳಿತರೆ ಬಲು ಸಭ್ಯ. ಸಂಜೆ ಕುಡಿದು ಬಂದರೆ ಅಕ್ಕನನ್ನು ಹೊಡೆಯುತ್ತಿದ್ದ. ಮೂವತ್ತು ತುಂಬುವ ಮೊದಲೇ ಅಕ್ಕ ಒಂದು ಟ್ರಂಕಿನೊಂದಿಗೆ ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಬಂದುಬಿಟ್ಟಳು. ನಮ್ಮ ಅಪ್ಪ, ಭಾವನ ಅಮ್ಮ, ರಾಜಿಗೆ ಬಂದ ಹಿರಿಯರು, ಎಲ್ಲರೂ ಒಂದೇ ಮಾತು ಹೇಳಿದರು: ಹುಡುಗ ಬಂಗಾರ, ಕುಡಿತ ಒಂದು ಇಲ್ಲದಿದ್ದರೆ. ಅಕ್ಕನೂ ಹಾಗೆಯೇ ಹೇಳಿದಳು, ಆದರೆ ಹಿಂತಿರುಗಿ ಹೋಗಲಿಲ್ಲ. ಓದಿದಳು, ಟೀಚರಾದಳು, ಮನೆಗೊಂದು ಶಾಸನ ಹೊರಡಿಸಿದಳು. ಅಂದಿನಿಂದ ನಮ್ಮ ಹೊಸ್ತಿಲೊಳಗೆ ಮದ್ಯಸಾರದ ಸುಳಿವೂ ನಿಷಿದ್ಧ. ಕೆಮ್ಮಿನ ಔಷಧಿಯ ಬಾಟಲಿಯನ್ನು ಕನ್ನಡಕ ಹಾಕಿಕೊಂಡು ಓದಿ ಮೋರಿಗೆ ಸುರಿಯುತ್ತಿದ್ದಳು. ನನ್ನ ಹೆಂಡತಿ ಪದ್ಮಾಳ ಹೋಮಿಯೋಪತಿ ಹನಿಗಳು ಕೂಡ ಬಾಗಿಲಿನಲ್ಲೇ ಮುಟ್ಟುಗೋಲಾದವು. ಸಹೋದ್ಯೋಗಿಗಳ ನಿವೃತ್ತಿಯ ಪಾರ್ಟಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಬೀರಿಗೆ ಮಣಿಯುತ್ತಿದ್ದ ನಾನು, ಮನೆ ಹೊಗುವ ಮುನ್ನ ಅಗಿದ ಏಲಕ್ಕಿಯಲ್ಲಿ ಒಂದು ಮದುವೆಯ ಪಾಯಸಕ್ಕೆ ಪರಿಮಳ ಬರುತ್ತಿತ್ತು.

ಇಂಥ ಅಕ್ಕನಿಗೆ, ನೀನು ಅಷ್ಟು ನಕ್ಕದ್ದು ಸೆರೆ ಕುಡಿದು ಎಂದು ಹೇಳುವುದು ಹೇಗೆ? ಹೇಳಿದರೆ ಆ ನಗು ಫೋಟೋದಿಂದಲೂ ಅಳಿಸಿಹೋಗುತ್ತದೆ ಎಂದು ನನಗೆ ಭಯ. ಆದ್ದರಿಂದ ನಿಜವಾಗಿಯೇ ಒಂದು ನಿರ್ಮದ್ಯ, ನಿರ್ಮಲ, ನಿರಪಾಯ ಶರಬತ್ತನ್ನು ಕಂಡುಹಿಡಿದು, ವೆನಿಸ್ಸಿನದು ಇದೇ ಎಂದು ನಂಬಿಸಿಬಿಡುವುದೆಂದು ನಿಶ್ಚಯಿಸಿದೆ.

ಅದಾದ ಮೇಲೆ ನಮ್ಮ ಅಡುಗೆಮನೆ ಪ್ರಯೋಗಶಾಲೆಯಾಯಿತು, ಪದ್ಮಾ ಅದರ ಅತೃಪ್ತ ವೀಕ್ಷಕಿಯಾದಳು. ಕಿತ್ತಳೆ ಸಿಪ್ಪೆಯನ್ನು ಸಕ್ಕರೆಯೊಂದಿಗೆ ಕುದಿಸಿ, ಕಹಿಗೆಂದು ಒಂದಿಷ್ಟು ನೆಲಬೇವಿನ ಕಷಾಯ ಬೆರೆಸಿ, ಸೋಡಾ ಹೊಯ್ದು ಕೊಟ್ಟೆ. ಅಕ್ಕ ಒಂದು ಗುಟುಕು ಕುಡಿದು, ನನಗೆ ಮಲೇರಿಯಾ ಇಲ್ಲ ಎಂದಳು. ನೆಲಬೇವು ತೆಗೆದು ಮೆಂತ್ಯ ಹಾಕಿದೆ. ಅದು ಇಟಲಿಯ ಬದಲು ಉಪ್ಪಿನಕಾಯಿಯ ದಿಕ್ಕಿಗೆ ಹೋಯಿತು. ನೀರಿಗೆ ಹಾಕಿದರೆ ಬುಸುಗುಟ್ಟುವ ಕಿತ್ತಳೆ ರುಚಿಯ ಮಾತ್ರೆಗಳು ಔಷಧದಂಗಡಿಯಲ್ಲಿ ಸಿಗುತ್ತವಲ್ಲ, ಅವನ್ನೂ ಕರಗಿಸಿದೆ. ಬಣ್ಣ ಅಪ್ಪಟ ವೆನಿಸ್. ಅಕ್ಕ ಮೂಸಿ ನೋಡಿ ಬಟ್ಟಲನ್ನು ಪಕ್ಕಕ್ಕಿಟ್ಟಳು. ಪ್ರತಿ ಸಲವೂ ಕಣ್ಣು ಮುಚ್ಚಿ, ಏನನ್ನೋ ಹುಡುಕುವವಳಂತೆ ನಾಲಗೆಯ ಮೇಲೆ ಆಡಿಸಿ, “ಇದು ಅದಲ್ಲೋ” ಎನ್ನುವಳು. ಗಣಿತದ ಟೀಚರು ತಪ್ಪು ಉತ್ತರಕ್ಕೆ ಹೇಳುವ ಧಾಟಿಯಲ್ಲಲ್ಲ. ಕಳೆದುಕೊಂಡದ್ದನ್ನು ಹುಡುಕಿ ಬರಿಗೈಯಲ್ಲಿ ಬಂದವರ ಧಾಟಿಯಲ್ಲಿ. ಅದಕ್ಕೇ ನನಗೆ ಪ್ರಯೋಗಗಳನ್ನು ನಿಲ್ಲಿಸಲಾಗಲಿಲ್ಲ.

ಕೊನೆಗೆ ಪದ್ಮಾಳೇ ತರ್ಕಶುದ್ಧವಾದ ಒಂದು ಮಾತು ಹೇಳಿದಳು. ಅಸಲಿಯ ರುಚಿ ಹೇಗಿದೆಯೆಂದೇ ತಿಳಿಯದವನು ನಕಲಿಯನ್ನು ಹೇಗೆ ಮಾಡಿಯಾನು? ಅವಳ ಕಣ್ಣಿನಲ್ಲಿ ಶಾಸ್ತ್ರಜಿಜ್ಞಾಸೆಯ ಜೊತೆಗೆ ಬೇರೆ ಜಿಜ್ಞಾಸೆಯೂ ಇದ್ದಂತೆ ತೋರಿತು. ಹೀಗೆ ನಾನು ಸಂಶೋಧನೆಯ ನೆಪದಲ್ಲಿ ಹೆಲ್ಮೆಟ್ಟುಧಾರಿಯಾಗಿ ಜಾಲರಿಯ ಮುಂದೆ ನಿಂತು ಬುದ್ಧಿ ಹೇಳಿಸಿಕೊಂಡದ್ದು. ಅಲ್ಲಿ ಸಿಗದಿದ್ದಾಗ ಜುಬಿಲಿ ಹಿಲ್ಸಿನ ತನಕ ಹೋದೆ. ಅಲ್ಲಿಯ ಅಂಗಡಿ ಆಭರಣದಂಗಡಿಯಂತಿತ್ತು. ತಣ್ಣಗೆ, ಮಂದ ಬೆಳಕಿನಲ್ಲಿ, ಬಾಟಲಿಗಳು ಮದುಮಕ್ಕಳಂತೆ ಮಲಗಿದ್ದವು. ಟೈ ಕಟ್ಟಿದ ತರುಣನೊಬ್ಬ ನನಗೆ ಯಾವ ಭೋಜನದ ಜೊತೆಗೆ ಬೇಕೆಂದು ಕೇಳಿದ. ಜೋಳದ ರೊಟ್ಟಿ, ಪುಂಡಿಪಲ್ಯ ಎಂದೆ. ಅವನು ಗಂಭೀರವಾಗಿ ತಲೆಯಾಡಿಸಿ, ಅದಕ್ಕೆ ಬಹಳ ಹೊಂದುತ್ತದೆ ಸರ್ ಎಂದ. ಮಾರುವವರ ಸಂಸ್ಕಾರ ದೊಡ್ಡದು.

ಅಕ್ಕ ಪಾರಾಯಣಕ್ಕೆಂದು ಯಾರದೋ ಮನೆಗೆ ಹೋದ ಒಂದು ಸಂಜೆ ನಾವಿಬ್ಬರೂ ಬಾಗಿಲು ಹಾಕಿ, ಪರದೆ ಎಳೆದು, ಯಾವುದೋ ಷಡ್ಯಂತ್ರ ಹೂಡುವವರಂತೆ ಅಡುಗೆಕಟ್ಟೆಯ ಮುಂದೆ ನಿಂತೆವು. ಪ್ರೊಸೆಕ್ಕೊದ ಬಿರಡೆ ಬಿಚ್ಚುವ ಬಗೆ ನನಗೆ ತಿಳಿಯದು. ಪ್ರೆಷರ್ ಕುಕ್ಕರಿನ ಅನುಭವದ ಮೇಲೆ ಭರವಸೆಯಿಟ್ಟು ತಿರುಗಿಸಿದೆ. ಅದು ಪಟಾಕಿಯಂತೆ ಸಿಡಿದು, ನನ್ನ ಕಿವಿಯ ಪಕ್ಕದಲ್ಲೇ ಹಾರಿ, ದೇವರ ಕೋಣೆಯ ಬಾಗಿಲಿಗೆ ಬಡಿಯಿತು. ಬಾಗಿಲಿನ ಗಂಟೆಗಳೆಲ್ಲ ಒಮ್ಮೆಗೇ ಗಲಗಲ ಎಂದವು. ಹಾಗೆ ಮಂಗಳವಾದ್ಯ ಸಹಿತ ಇಟಲಿ ನಮ್ಮ ಮನೆಯೊಳಗೆ ಪ್ರವೇಶ ಮಾಡಿತು. ಹೊಟ್ಟೆಯುಬ್ಬಿದ ಬಟ್ಟಲು ಇಲ್ಲದ್ದರಿಂದ ಫ್ರೂಟ್ ಸಲಾಡಿನ ಗಾಜಿನ ಬಟ್ಟಲುಗಳಲ್ಲಿ ಮಂಜುಗಡ್ಡೆ ತುಂಬಿ, ಮೂರು, ಎರಡು, ಒಂದು ಎಂದು ಪಾಲು ಮಾಡಿ ಹೊಯ್ದೆವು. ಬಣ್ಣ ಕೆಳಗಿನಿಂದ ನಿಧಾನವಾಗಿ ಮೇಲೇರಿತು. ಪದ್ಮಾ ಒಂದು ಗುಟುಕು ಕುಡಿದು, ಹಿಂದೆಯೇ ಮತ್ತೊಂದು ಗುಟುಕು ಕುಡಿದಳು. ಮೊದಲು ಸಿಹಿ, ಹಿಂದೆಯೇ ಕಹಿ, ಆ ಕಹಿಗೆ ನೀವು ಮುಖ ಸಿಂಡರಿಸುವಷ್ಟರಲ್ಲಿ ಗುಳ್ಳೆಗಳು ನಾಲಗೆಗೆ ಕಚಗುಳಿಯಿಟ್ಟು ನಗಿಸಿಬಿಡುತ್ತವೆ. ಅಕ್ಕ ಛಲೋ ಕಹಿ ಎಂದದ್ದು ಎಷ್ಟು ಸರಿಯಾಗಿತ್ತು ಎಂದುಕೊಳ್ಳುತ್ತಿರುವಾಗಲೇ ಬೀಗದ ಕೈ ತಿರುಗಿದ ಸದ್ದಾಯಿತು. ಪಾರಾಯಣದ ಮನೆಯಲ್ಲಿ ಯಾರಿಗೋ ಜ್ವರ ಬಂದು ಕಾರ್ಯಕ್ರಮ ಮುಂದಕ್ಕೆ ಹೋಗಿತ್ತು.

ಅಕ್ಕ ನೇರ ಅಡುಗೆಮನೆಗೆ ಬಂದಳು. ಅವಳ ಕಣ್ಣು ಮೊದಲು ಬಿದ್ದದ್ದು ಬಟ್ಟಲಿನ ಮೇಲೆ. ಮುಖ ಅರಳಿತು. ಸಿಕ್ಕಿತೇನೋ ಎನ್ನುತ್ತ ನನ್ನ ಕೈಯಿಂದಲೇ ಬಟ್ಟಲು ತೆಗೆದುಕೊಂಡು ತುಟಿಯ ಹತ್ತಿರ ಒಯ್ದಳು. ಸುಮ್ಮನಿದ್ದುಬಿಟ್ಟಿದ್ದರೆ ಆ ಕ್ಷಣ ನನ್ನ ಅಕ್ಕ ಬಯಸಿದ್ದು ಅವಳಿಗೆ ಸಿಗುತ್ತಿತ್ತು. ಆದರೆ ವೆನಿಸ್ಸಿನಲ್ಲಿ ಅವಳಾಗಿ ತಿಳಿಯದೆ ಕುಡಿದದ್ದು ಬೇರೆ. ನನ್ನ ಕೈಯಿಂದ, ನಾನು ತಿಳಿದೂ ತಿಳಿದೂ ಕುಡಿಸುವುದು ಬೇರೆ.

“ಅಕ್ಕಾ, ಕುಡೀಬ್ಯಾಡ. ಅದು ಸೆರೆ.”

ಅವಳ ಕೈ ಅಲ್ಲಿಯೇ ನಿಂತಿತು. ಬಾಟಲಿಗಳನ್ನು ನೋಡಿದಳು, ಪದ್ಮಾಳನ್ನು ನೋಡಿದಳು, ಆಮೇಲೆ ನನ್ನನ್ನು. “ಅಲ್ಲಿ ಕುಡದದ್ದು?”

“ಅದೂ ಇದ.”

ಅವಳು ಬಟ್ಟಲನ್ನು ಚೂರೂ ತುಳುಕದಂತೆ ಕಟ್ಟೆಯ ಮೇಲಿಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಸಂಜೆ ಊಟಕ್ಕೆ ಬರಲಿಲ್ಲ. ಮರುದಿನ ಬಂದಳು, ಉಂಡಳು, ಮಾತಾಡಲಿಲ್ಲ. ಅದರ ಮರುದಿನವೂ ಹಾಗೆಯೇ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದರಲ್ಲಿ ನನಗೆ ಬಾಲ್ಯದಿಂದಲೂ ನೈಪುಣ್ಯವಿದೆ. ಬಾಟಲಿಗಳನ್ನು ಎಸೆಯೋಣವೆಂದೆ. ಅದನ್ನು ಎಸೆಯಬೇಕೋ ಇಡಬೇಕೋ ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಅಕ್ಕನೇ ಹೇಳಲಿ, ಎಂದು ಪದ್ಮಾ ಪ್ರೊಸೆಕ್ಕೊದ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಫ್ರಿಜ್ಜಿನಲ್ಲಿ ಮಜ್ಜಿಗೆಯ ಪಾತ್ರೆಯ ಪಕ್ಕಕ್ಕೆ ಇಟ್ಟಳು. ಆ ಎರಡು ದಿನ ನಮ್ಮ ಮನೆಯಲ್ಲಿ ನೀರು ಕುಡಿಯಲು ಫ್ರಿಜ್ಜು ತೆರೆದವರೆಲ್ಲ ಅಪರಾಧಿಗಳಂತೆ ಅದನ್ನು ಮುಚ್ಚಿದೆವು.

ಮೂರನೆಯ ಸಂಜೆ ಅಕ್ಕ ತಾನಾಗಿಯೇ ಹೊರಗೆ ಬಂದು ಊಟದ ಮೇಜಿನ ಮುಂದೆ ಕುಳಿತು ಬಾಟಲಿ ತರಲು ಹೇಳಿದಳು. ಕನ್ನಡಕ ಹಾಕಿಕೊಂಡು ಮುಂದಿನ ಚೀಟಿ, ಹಿಂದಿನ ಚೀಟಿ ಎರಡನ್ನೂ ಓದಿದಳು. ಇದರಲ್ಲಿ ಶೇಕಡಾ ಎಷ್ಟು, ಭಾವ ಕುಡಿಯುತ್ತಿದ್ದುದರಲ್ಲಿ ಎಷ್ಟು ಇರುತ್ತಿತ್ತು ಎಂದು ಕೇಳಿದಳು. ನನಗೆ ತಿಳಿದಷ್ಟು ಹೇಳಿದೆ. ಅದು ಇದಕ್ಕಿಂತ ಬಹಳ ಕಟು ಎಂದೂ ಸೇರಿಸಿದೆ. ಅವಳು ತಲೆಯಾಡಿಸಿದಳು. ಲೆಕ್ಕ ಅದಲ್ಲ ಎನ್ನುವಂತೆ.

“ಕುಡದಾಗ ಅವರು ಅವರಾಗಿ ಇರ್ತಿರ್ಲಿಲ್ಲ ಅಂತ ಅತ್ತಿಯವರು ಹೇಳ್ತಿದ್ರು,” ಎಂದಳು. “ನಾನೂ ಅದನ್ನ ನಂಬಿದ್ದೆ. ಎಲ್ಲಾರಿಗೂ ಅದನ್ನ ಹೇಳಿದೆ. ಈಗ ನಾನೂ ಕುಡದು ನೋಡೀನಲ್ಲೋ ಶೀನ್ಯಾ. ನಾ ನಾನ ಆಗಿದ್ದೆ. ಯಾರ ಮ್ಯಾಲೂ ಕೈ ಎತ್ತಲಿಲ್ಲ. ಹಾಡು ಹಾಡಿದೆ.”

ಪದ್ಮಾ ಒಲೆ ಆರಿಸಿ ಬಂದು ನಿಂತಳು. ಅಕ್ಕ ಬಾಟಲಿಯನ್ನು ಮೇಜಿನ ಮೇಲೆ ಒಂದಿಷ್ಟು ದೂರ ಸರಿಸಿದಳು.

“ಹೊಡದದ್ದು ಇದಲ್ಲ. ಅವರು.”

ಈ ಮನೆಯ ಗಂಡಸರು ನಾವೆಲ್ಲ ನಾಲ್ಕು ದಶಕ ಒಂದು ಬಾಟಲಿಯನ್ನು ಕಟಕಟೆಯಲ್ಲಿ ನಿಲ್ಲಿಸಿ, ಮನುಷ್ಯನನ್ನು ಸಭ್ಯನೆಂದು ಬಿಟ್ಟು ಕಳಿಸಿದ್ದೆವು. ಭಾವ ಸತ್ತಾಗ ಕೂಡ, ಪಾಪ, ಕುಡಿತ ಅವನನ್ನು ತಿಂದಿತು ಎಂದೇ ಮಾತಾಡಿಕೊಂಡೆವು. ಅವನು ತಿಂದದ್ದೇನೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಾನು ಅತ್ಯಂತ ನಿರುಪಯುಕ್ತವಾದ ಮಾತನ್ನು ಹೇಳಿದೆ: ಗುಳ್ಳೆ ಹೋಗಿರುತ್ತದೆ ಅಕ್ಕಾ, ಈಗ ಮಾಡಿದರೆ ಸಪ್ಪೆಯಾಗುತ್ತದೆ.

ಆಗಲಿ, ಅಳತೆ ಹೇಳು ಎಂದಳು. ಸಣ್ಣ ಸ್ಟೀಲ್ ಲೋಟ ತೆಗೆದುಕೊಂಡು ಮೂರು, ಎರಡು, ಒಂದು ಎಂದು ತಾನೇ ಅಳೆದಳು, ಲೋಟದ ಕಂಠವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು. ನಾನು ಅಂದಾಜಿನಲ್ಲಿ ಹೊಯ್ದಿದ್ದೆನೆಂದು ತಿಳಿದು ಛೀಮಾರಿಯನ್ನೂ ಹಾಕಿದಳು. ಅದರ ಜೊತೆಗೇ, ನಿನ್ನ ಏಲಕ್ಕಿ ಏನು ಅಡಗಿಸುತ್ತಿತ್ತು ಎನ್ನುವುದು ನಿನ್ನ ಮೊದಲನೆಯ ಸಂಬಳದ ತಿಂಗಳಿನಿಂದಲೂ ನನಗೆ ಗೊತ್ತು ಎಂದಳು. ಪದ್ಮಾ ನಕ್ಕದ್ದನ್ನು ನೋಡಿದರೆ ಅವಳಿಗೂ ಗೊತ್ತಿತ್ತು. ಇಟಲಿಯವರು ಇದರ ಜೊತೆಗೆ ಮೆಲ್ಲುವ ಆಲಿವ್ ಕಾಯಿ ಇರಲಿಲ್ಲವಾಗಿ ಒಗ್ಗರಣೆಯ ಮಂಡಕ್ಕಿ ಬಂತು. ಅಕ್ಕ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ತೆರೆದು, ಅದೇ ಇದು, ಆದರೆ ಸತ್ತು ಹೋಗಿದೆ, ನಾಳೆ ಹೊಸ ಬಾಟಲಿ ತಾ, ಸಂಜೆ ಇದ್ದಷ್ಟೇ ಹೊತ್ತು, ಒಂದೇ ಬಟ್ಟಲು, ಎಂದು ಹೊಸ ಶಾಸನದ ಕರಡನ್ನು ಅಲ್ಲಿಯೇ ಓದಿ ಹೇಳಿದಳು.

ನಾನು ಅಭ್ಯಾಸಬಲದಿಂದ ಪರದೆ ಎಳೆದಿದ್ದೆ. ಅಕ್ಕ ಎದ್ದು ಅದನ್ನು ಸರಿಸಿ, ಬಾಗಿಲು ತೆಗೆದು, ಬಟ್ಟಲು ಹಿಡಿದುಕೊಂಡೇ ಬಾಲ್ಕನಿಗೆ ಹೋಗಿ ನಿಂತಳು. ಗಾಳಿ ಬೀಸುತ್ತಿತ್ತು. ಲೋಕಲ್ ರೈಲು ಸ್ಟೇಷನ್ನಿನ ಕಡೆಗೆ ನಿಧಾನವಾಗಿ ಹೋಗುತ್ತಿತ್ತು. ಎದುರಿನ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಲಕ್ಷ್ಮಮ್ಮನವರು, ಅಕ್ಕನಿಗೆ ಬಹಳ ಗೌರವ ಕೊಡುವ ಹಿರಿಯ ಹೆಂಗಸು, ಆ ಕಿತ್ತಳೆ ಬಣ್ಣವನ್ನು ಕಂಡು ಟೀಚರಮ್ಮ ಏನು ಜ್ಯೂಸು ಕುಡಿಯುತ್ತಿದ್ದೀರಿ ಎಂದು ತೆಲುಗಿನಲ್ಲಿ ಕೂಗಿ ಕೇಳಿದರು. ನಾನು ಒಳಗಿನಿಂದ ಓಡಿಬಂದು, ಆರೆಂಜ್ ಎಂದು ಹೇಳುವುದರಲ್ಲಿದ್ದೆ.

“ಜ್ಯೂಸ್ ಕಾದು,” ಎಂದಳು ಅಕ್ಕ. “ಮಂದು.”

ತೆಲುಗಿನಲ್ಲಿ ಕಾದು ಎಂದರೆ ಅಲ್ಲ ಎಂದು; ಮಂದು ಎಂದರೆ ಸೆರೆಯೂ ಹೌದು, ಔಷಧಿಯೂ ಹೌದು. ಲಕ್ಷ್ಮಮ್ಮನವರಿಗೆ ಟೀಚರಮ್ಮನ ವಿಷಯದಲ್ಲಿ ಮೊದಲನೆಯ ಅರ್ಥ ಹೊಳೆಯುವ ಸಂಭವವೇ ಇರಲಿಲ್ಲ. ಅವರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ತುಂಬು ಸಹಾನುಭೂತಿಯಿಂದ, ಯಾವುದಕ್ಕೆ, ಶುಗರಿಗೋ ಬೀಪಿಗೋ ಎಂದು ವಿಚಾರಿಸಿದರು.

“ಪಾತ ನೊಪ್ಪಿಕಿ,” ಎಂದಳು ಅಕ್ಕ. ಹಳೆಯ ನೋವಿಗೆ.

ಲಕ್ಷ್ಮಮ್ಮನವರು ಅರ್ಥವಾಯಿತೆಂಬಂತೆ ತಲೆಯಾಡಿಸಿ, ತಮಗೂ ಮೊಣಕಾಲಿನಲ್ಲಿ ಅಂಥದೇ ಇದೆ, ಇದನ್ನು ಉಣ್ಣುವುದಕ್ಕೆ ಮುಂಚೆ ತೆಗೆದುಕೊಳ್ಳಬೇಕೋ, ಉಂಡ ಮೇಲೋ ಎಂದು ಕೇಳಿದರು. ಅಕ್ಕ ಬಟ್ಟಲನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ನೋಡಿದಳು. ಮುಂಚೆಯೇ ಎಂದು ಹೇಳಿ, ಉಳಿದದ್ದನ್ನು ಆತುರವಿಲ್ಲದೆ ಕುಡಿದು ಮುಗಿಸಿದಳು.